ಕ್ಲಸ್ಟರಿಗೆ ನೇರವಾಗಿ ಕೆಲಸವನ್ನೊಪ್ಪಿಸುವ ಕ್ರಮ

ಅಚ್ಚಾದ ಶಾಸನಪಾಠಗಳ ಪುಟಗಳನ್ನು ಚಿತ್ರಗಳಾಗಿ ತೆಗೆದು, ಅವುಗಳಲ್ಲಿರುವ ಅಕ್ಷರಗಳನ್ನು ಗಣಕಯಂತ್ರದಿಂದ ಓದಿಸಿಕೊಳ್ಳುವ ಪದ್ಧತಿ ಇತಿಹಾಸದ ಅಭ್ಯಾಸಿಗಳಲ್ಲಿ ಈಗ ಬಳಕೆಗೆ ಬಂದಿದೆ. ಕನ್ನಡ ಲಿಪಿಯನ್ನೂ ಓದಬಲ್ಲ ಟೆಸರಾಕ್ಟ್ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಬಿ. ಎಲ್. ರೈಸರ 'ಎಪಿಗ್ರಾಫಿಯ ಕರ್ನಾಟಿಕ'ದಂತಹ ಹಲವು ಸಂಪುಟಗಳ ಗ್ರಂಥವನ್ನು ಬೇರೆ ಬೇರೆ ಏರ್ಪಾಡುಗಳಿಂದ ಮತ್ತೆ ಮತ್ತೆ ಓದಿಸಿ ಹೋಲಿಸಬೇಕಾದಾಗ ಮೇಜಿನ ಮೇಲಿನ ಒಂದು ಯಂತ್ರ ಸಾಲದು. ಕ್ಲಸ್ಟರನ್ನು, ಎಂದರೆ ಜಾಲದಿಂದ ಕೂಡಿಸಿದ ಅನೇಕ ಗಣಕಯಂತ್ರಗಳ ಸಮೂಹವನ್ನು, ಆಶ್ರಯಿಸಬೇಕಾಗುತ್ತದೆ. ಅಂತಹ ಸಮೂಹಕ್ಕೆ ಕಮಾಂಡ್ ಲೈನಿನಿಂದಲೇ ಕೆಲಸವನ್ನೊಪ್ಪಿಸುವ ಕ್ರಮವನ್ನೂ, ಅದರಿಂದ ಆಧಾರಗಳ ರಕ್ಷಣೆಗೆ ಒದಗುವ ತೊಡಕನ್ನೂ ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಬಳಕೆದಾರನು ಮೊದಲು ಪ್ರವೇಶಿಸುವುದು ಲಾಗಿನ್ ನೋಡ್ ಎಂಬ ಯಂತ್ರವನ್ನು. ಅದು ಹೆಬ್ಬಾಗಿಲಿದ್ದಂತೆ, ಭಾರಿ ಕೆಲಸವನ್ನು ಅಲ್ಲಿಯೇ ನಡೆಸಕೂಡದು. ಕೆಲಸವನ್ನು ಸರದಿಯಲ್ಲಿ ನಿಲ್ಲಿಸಿ, ತೆರವಾದಾಗ ಒಳಗಿನ ನೋಡಿಗೆ ಕಳುಹಿಸುವ ಹೊಣೆ ಒಂದು ವ್ಯವಸ್ಥಾಪಕ ತಂತ್ರಾಂಶದ್ದು. ಬಳಕೆದಾರನು ಎದುರು ಕುಳಿತಿರಬೇಕಾಗಿಲ್ಲದ ಇಂತಹ ಕೆಲಸವೇ ಬ್ಯಾಚ್ ಜಾಬ್. ಕಲ್ಪನೆಯೇನೋ ಹಳೆಯದು. 1956ರಲ್ಲಿ ಜನರಲ್ ಮೋಟರ್ಸ್ ಮತ್ತು ನಾರ್ತ್ ಅಮೆರಿಕನ್ ಏವಿಯೇಷನ್ ಸಂಸ್ಥೆಗಳು ಐಬಿಎಂ 704 ಯಂತ್ರಕ್ಕಾಗಿ ರಚಿಸಿದ ವ್ಯವಸ್ಥೆ ಕೆಲಸಗಳನ್ನು ಒಂದಾದ ಮೇಲೊಂದರಂತೆ ತಾನೇ ನಡೆಸುತ್ತಿತ್ತು. ಈ ಶತಮಾನದ ಆರಂಭದಲ್ಲಿ ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಹುಟ್ಟಿದ ಸ್ಲರ್ಮ್ ಇಂದು ಬಹುವಾಗಿ ಬಳಕೆಯಲ್ಲಿರುವ ವ್ಯವಸ್ಥಾಪಕ; ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ ಪರಮ್ ಪ್ರವೇಗದಲ್ಲಿರುವುದೂ ಅದೇ.

ಸ್ಲರ್ಮಿನಲ್ಲಿ ವಾಡಿಕೆಯ ಕ್ರಮ ಹೀಗಿದೆ: ಒಂದು ಸ್ಕ್ರಿಪ್ಟ್ ಫೈಲನ್ನು ಬರೆದು, ಬೇಕಾದ ಕಾಲ, ಸ್ಮೃತಿ, ಸಂಸ್ಕಾರಕಗಳ ಸಂಖ್ಯೆ ಇವನ್ನು ಅದರ ತಲೆಯಲ್ಲಿ ನಮೂದಿಸಿ, ಎಸ್‌ಬ್ಯಾಚ್ ಎಂಬ ಆಜ್ಞೆಯಿಂದ ಒಪ್ಪಿಸುವುದು. ಒಂದೇ ಸಾಲಿನ ಕೆಲಸಕ್ಕೆ ಇಷ್ಟು ಶ್ರಮ ಏಕೆಂದು ತೋರುವುದು ಸಹಜ. ಅದಕ್ಕಾಗಿಯೇ ರ‍್ಯಾಪ್ ಎಂಬ ಆಯ್ಕೆಯಿದೆ. ಎಸ್‌ಬ್ಯಾಚ್ ಎಂದು ಬರೆದು, ಕಾಲ ಮತ್ತು ಸ್ಮೃತಿಯ ಮಿತಿಗಳನ್ನು ಅದೇ ಸಾಲಿನಲ್ಲಿ ಸೂಚಿಸಿ, ರ‍್ಯಾಪ್ ಎಂಬುದರ ಮುಂದೆ ಉದ್ಧರಣ ಚಿಹ್ನೆಗಳೊಳಗೆ ನಡೆಯಬೇಕಾದ ಆಜ್ಞೆಯನ್ನಿಟ್ಟರೆ ಸಾಕು. ಸ್ಲರ್ಮ್ ಅದನ್ನು ತಾನೇ ಒಂದು ಚಿಕ್ಕ ಸ್ಕ್ರಿಪ್ಟಿನಲ್ಲಿ ಸುತ್ತಿ ಸರದಿಗೆ ಸೇರಿಸುತ್ತದೆ. ಎಲ್‌ಎಸ್‌ಎಫ್ ಎಂಬ ಮತ್ತೊಂದು ವ್ಯವಸ್ಥೆಯಲ್ಲಿ ಬಿಸಬ್ ಎಂಬುದರ ಮುಂದೆ ಆಜ್ಞೆಯನ್ನು ಹಾಗೆಯೇ ಬರೆಯಬಹುದು.

ಉದ್ಧರಣ ಚಿಹ್ನೆಗಳ ವಿಷಯದಲ್ಲಿ ಮಾತ್ರ ತುಸು ನಿಲ್ಲಬೇಕು. ಜೋಡಿ ಚಿಹ್ನೆಗಳೊಳಗೆ ಡಾಲರ್ ಗುರುತಿನಿಂದ ಆರಂಭವಾಗುವ ಹೆಸರುಗಳಿಗೆ ಲಾಗಿನ್ ನೋಡಿನಲ್ಲಿಯೇ, ಒಪ್ಪಿಸುವ ಕ್ಷಣದಲ್ಲಿಯೇ, ಬೆಲೆ ತುಂಬಿಹೋಗುತ್ತದೆ. ಒಂಟಿ ಚಿಹ್ನೆಗಳೊಳಗಾದರೆ ಅವು ಹಾಗೆಯೇ ಉಳಿದು, ಕೆಲಸ ನಡೆಯುವ ನೋಡಿನಲ್ಲಿ ಬೆಲೆ ಪಡೆಯುತ್ತವೆ. ಒಮ್ಮೆ ನಾವು 300 ಪುಟಗಳನ್ನು 300 ಕೆಲಸಗಳ ಮಾಲೆಯಾಗಿ ಒಪ್ಪಿಸಿದೆವು. ಪ್ರತಿಯೊಂದು ಕೆಲಸದ ಕ್ರಮಾಂಕವೇ ಪುಟಸಂಖ್ಯೆಯಾಗಬೇಕಾಗಿತ್ತು. ಆದರೆ ಬಳಸಿದ್ದು ಜೋಡಿ ಚಿಹ್ನೆ; ಲಾಗಿನ್ ನೋಡಿನಲ್ಲಿ ಕ್ರಮಾಂಕವೇ ಇಲ್ಲದ್ದರಿಂದ ಆ ಸ್ಥಾನ ಬರಿದಾಯಿತು. 300 ಕೆಲಸಗಳೂ ಸಂಖ್ಯೆಯಿಲ್ಲದ, ಇಲ್ಲವೇ ಇಲ್ಲದ ಒಂದೇ ಪುಟವನ್ನು ಹುಡುಕಿ ಸೋತವು! ಸೋತದ್ದೇ ಲೇಸಾಯಿತು. ಆ ಹೆಸರಿನ ಫೈಲೊಂದು ಇದ್ದಿದ್ದರೆ ಒಂದೇ ಪುಟವನ್ನು 300 ಬಾರಿ ಓದಿ, ಕೆಲಸ ಕೈಗೂಡಿತೆಂದೇ ವರದಿ ಬರುತ್ತಿತ್ತು.

ಇದಕ್ಕಿಂತ ಗುರುತರವಾದುದು ದಾಖಲೆಯ ಪ್ರಶ್ನೆ. ಟೆಸರಾಕ್ಟಿಗೆ ಕನ್ನಡವೊಂದನ್ನೇ ಸೂಚಿಸಿದಾಗ ಬರುವ ಪಾಠವೂ, ಕನ್ನಡ ಇಂಗ್ಲಿಷುಗಳೆರಡನ್ನೂ ಸೂಚಿಸಿದಾಗ ಬರುವ ಪಾಠವೂ ಒಂದೇ ಆಗಿರಬೇಕಾಗಿಲ್ಲ; ಶಕವರ್ಷದ ಒಂದು ಅಂಕೆ ಬೇರೆಯಾಗಿ ಬಂದರೆ ಕಾಲನಿರ್ಣಯವೇ ಕೆಡುತ್ತದೆ. ಕೆಲವು ತಿಂಗಳು ಕಳೆದಮೇಲೆ ವಿದ್ಯಾರ್ಥಿಯೊಬ್ಬನು ನಮ್ಮ ಒಂದು ಪಾಠವನ್ನು ತೋರಿಸಿ, ಇದು ಯಾವ ಏರ್ಪಾಡಿನಿಂದ ಬಂದುದೆಂದು ಕೇಳಿದನು. ನಮ್ಮಲ್ಲಿ ಉತ್ತರವಿರಲಿಲ್ಲ. ಶಾಸನದ ಪಡಿಯಚ್ಚು ಯಾರು, ಎಂದು ತೆಗೆದರೆಂದು ವಿಚಾರಿಸುವ ನಾವೇ ನಮ್ಮ ಪಾಠದ ಮೂಲವನ್ನು ಕಳೆದುಕೊಂಡಿದ್ದೆವು.

2021ರ ಆಗಸ್ಟಿನ ಆವೃತ್ತಿಯಿಂದೀಚೆಗೆ ಸ್ಲರ್ಮಿನ ಲೆಕ್ಕದ ಭಂಡಾರದಲ್ಲಿ ಒಪ್ಪಿಸಿದ ಸಾಲನ್ನು ಎಸ್‌ಅಕ್ಟ್ ಎಂಬ ಆಜ್ಞೆಯಿಂದ ಮತ್ತೆ ನೋಡಬಹುದಾಗಿದೆ. ಆದರೆ ಅದನ್ನೇ ನೆಚ್ಚಿರುವುದು ವಿಹಿತವಲ್ಲ. ಅಲ್ಲಿ ಉಳಿಯುವುದು ಬೆಲೆ ತುಂಬಿದ ಮೇಲಿನ ರೂಪ. ಭಂಡಾರವನ್ನು ಎಷ್ಟು ಕಾಲ ಇಡಬೇಕೆಂಬುದೂ ನಿರ್ವಾಹಕರ ಇಚ್ಛೆ. ಮೇಲಾಗಿ, ಎಸ್‌ಬ್ಯಾಚ್ ಬಳಕೆದಾರನ ಆ ಹೊತ್ತಿನ ಪರಿಸರವನ್ನು, ಎಂದರೆ ಅವನು ಮೊದಲೇ ನಿಗದಿಮಾಡಿಕೊಂಡಿದ್ದ ಬೆಲೆಗಳನ್ನೆಲ್ಲ, ಸಾಮಾನ್ಯವಾಗಿ ಕೆಲಸದೊಡನೆ ಕಳುಹಿಸುತ್ತದೆ. ಒಪ್ಪಿಸಿದ ಸಾಲಿನಲ್ಲಿ ಇವು ಕಾಣುವುದಿಲ್ಲ.

ಆದುದರಿಂದ ನೇರಕ್ರಮವನ್ನು ಒಂದೆರಡು ಪುಟಗಳ ಪರೀಕ್ಷೆಗೆ ಮಾತ್ರ ಬಳಸಿ, ಲೇಖನದಲ್ಲಿ ಉಲ್ಲೇಖಿಸುವ ಪಾಠಗಳಿಗೆ ಸ್ಕ್ರಿಪ್ಟನ್ನು ಬರೆದು ಪಾಠದೊಡನೆಯೇ ಇಡುವುದನ್ನು ನಾವು ರೂಢಿಸಿಕೊಂಡಿದ್ದೇವೆ. ನೇರವಾಗಿಯೇ ಒಪ್ಪಿಸಬೇಕಾದಲ್ಲಿ ರ‍್ಯಾಪಿನ ಒಂಟಿ ಚಿಹ್ನೆಯೊಳಗೆ ಮೊದಲು 'ಸೆಟ್' ಎಂದೂ, ತೆರಪು ಬಿಟ್ಟು ಒಂದು ಅಡ್ಡಗೆರೆ ಮತ್ತು 'ಎಕ್ಸ್' ಅಕ್ಷರವನ್ನೂ ಬರೆದು, ಅರ್ಧವಿರಾಮವಿಟ್ಟು ಆಜ್ಞೆಯನ್ನು ಮುಂದುವರಿಸತಕ್ಕದ್ದು. ಆಗ ನಡೆದ ಪ್ರತಿಯೊಂದು ಆಜ್ಞೆಯೂ, ಬೆಲೆ ತುಂಬಿದ ರೂಪದಲ್ಲಿ, ಕೆಲಸದ ಕ್ರಮಾಂಕವನ್ನು ಹೆಸರಿನಲ್ಲಿ ಹೊತ್ತ ಫಲಿತಾಂಶದ ಫೈಲಿನಲ್ಲಿ ದಾಖಲಾಗುತ್ತದೆ.