ಒಂದು ಮೊಟ್ಟೆಗೆ ಇನ್ನೂರೈವತ್ತು ಹಸು

ಹೋರಿಯಿಂದ ಒಂದು ಸಲಕ್ಕೆ ಸಿಗುವ ವೀರ್ಯ ಸುಮಾರು 5 ಮಿಲಿಲೀಟರ್. ಮಿಲಿಲೀಟರಿಗೆ ನೂರು ಕೋಟಿ ವೀರ್ಯಾಣು ಎಂದು ಹಿಡಿದರೆ ಒಟ್ಟು 500 ಕೋಟಿ. ಕೃತಕ ಗರ್ಭಧಾರಣೆಯ ಒಂದು ಕಡ್ಡಿಗೆ, ಅಂದರೆ ಸಣ್ಣ ಕೊಳವೆಗೆ, 2 ಕೋಟಿಯಂತೆ ತುಂಬಿದರೆ 250 ಕಡ್ಡಿ, ಅಂದರೆ ಬೆದೆಗೆ ಬಂದ 250 ಹಸುಗಳಿಗೆ ಒಂದೊಂದು. ಕಡ್ಡಿಯೊಳಗೆ ಹಿಡಿಯುವುದು ಕಾಲು ಮಿಲಿಲೀಟರ್ ಮಾತ್ರ.

ಕೆಡದಂತೆ ಇಡಲು ಇಷ್ಟನ್ನೂ ಮೈಬಿಸಿಯಿಂದ ಮೈನಸ್ 196 ಡಿಗ್ರಿಯ ದ್ರವ ಸಾರಜನಕಕ್ಕೆ ಇಳಿಸಬೇಕು. ಸುಮ್ಮನೆ ಇಳಿಸಿದರೆ ಹೆಚ್ಚುಕಡಿಮೆ ಒಂದೂ ಉಳಿಯುವುದಿಲ್ಲ. ಹೆಪ್ಪುಗಟ್ಟುವ ಮೊದಲೇ, ಬರೀ ತಣ್ಣಗಾಗುವಾಗಲೇ ಜೀವಕೋಶದ ಪೊರೆ ಹಾಳಾಗತೊಡಗುತ್ತದೆ. ಆ ಹಂತದಲ್ಲಿ ಕಾಯುವುದು ಕೋಳಿಮೊಟ್ಟೆಯ ಹಳದಿ. ಅದರ ಕೊಬ್ಬು-ಪ್ರೋಟೀನು ಪೊರೆಗೆ ಅಂಟಿಕೊಂಡು ಆಸರೆಯಾಗುತ್ತದೆ. ಮಂಜಾಗುವಾಗ ಗ್ಲಿಸರಾಲ್ ಎಂಬ ದ್ರವದ ಸರದಿ. ಅದು ಕೋಶದೊಳಗೇ ಹೊಕ್ಕು ಮಂಜಿನ ಹರಳು ಬೆಳೆಯದಂತೆ, ಉಳಿದ ನೀರಿನಲ್ಲಿ ಉಪ್ಪು ಅತಿಯಾಗದಂತೆ ತಡೆಯುತ್ತದೆ.

ಎಷ್ಟು ಬೇಕು ಕೇಳಿ. 250 ಕಡ್ಡಿಯ ಒಟ್ಟು ದ್ರವ 62 ಮಿಲಿಲೀಟರ್ ಚಿಲ್ಲರೆ. ಸೇರಿಸುವ ದ್ರಾವಣದಲ್ಲಿ ಹಳದಿ ಐದನೇ ಒಂದು ಭಾಗ, ಹಾಗಾಗಿ ಒಂದೇ ಮೊಟ್ಟೆ ಸಾಕು, ಚೂರು ಮಿಗುತ್ತದೆ ಕೂಡ. ಗ್ಲಿಸರಾಲ್ ನೂರಕ್ಕೆ ಏಳರಂತೆ ನಾಲ್ಕೂವರೆ ಮಿಲಿಲೀಟರಿಗೂ ಕಡಿಮೆ. ಭೂಮಿಯ ಮೇಲಿರುವ ಮನುಷ್ಯರು ಸುಮಾರು 800 ಕೋಟಿ. ಅದರ ಅರ್ಧಕ್ಕಿಂತ ಹೆಚ್ಚು ವೀರ್ಯಾಣುಗಳಿಗೆ ಇಷ್ಟೇ ರಕ್ಷಾಕವಚ. ಧಾರಾಳ ಮಾಡುವಂತೆಯೂ ಇಲ್ಲ, ಹೆಚ್ಚಾದರೆ ಗ್ಲಿಸರಾಲೇ ವಿಷ. ಇಷ್ಟೆಲ್ಲ ಮಾಡಿಯೂ ಕರಗಿಸಿದ ಮೇಲೆ ಅರ್ಧದಷ್ಟು ಈಜಿದರೆ ಕಡ್ಡಿ ಪಾಸು. ಕೋಟಿ ಸತ್ತರೂ ಯಶಸ್ಸು ಎನ್ನುವ ಪರೀಕ್ಷೆ ಬೇರೆಲ್ಲಿದೆಯೋ!

ಹಳದಿಯ ಗುಣವನ್ನು ಅಮೆರಿಕದ ವಿಜ್ಞಾನಿ ಫಿಲಿಪ್ಸ್ 1939ರಲ್ಲಿ ಪ್ರಕಟಿಸಿದರು. ಭಾರತದ ಮೊದಲ ಕೃತಕ ಗರ್ಭಧಾರಣೆ ಮೈಸೂರಿನ ಅರಮನೆ ಡೇರಿಯಲ್ಲಿ ಸಂಪತ್ ಕುಮಾರನ್ ಅವರಿಂದ ನಡೆದದ್ದೂ ಅದೇ ವರ್ಷ. ಗ್ಲಿಸರಾಲ್ ಸಿಕ್ಕಿದ್ದು ಮಾತ್ರ ಎಡವಟ್ಟಿನಿಂದ. ಲಂಡನ್ನಿನ ಮಿಲ್ ಹಿಲ್‌ನಲ್ಲಿ ಪೋಲ್ಜ್, ಸ್ಮಿತ್, ಪಾರ್ಕ್ಸ್ ಎಂಬ ವಿಜ್ಞಾನಿಗಳು ಹುಂಜದ ವೀರ್ಯಾಣುಗಳನ್ನು ಸಕ್ಕರೆ ದ್ರಾವಣದಲ್ಲಿ ಕಾಪಾಡಲು ಹೆಣಗುತ್ತಿದ್ದರು. ಒಂದು ಬಾಟಲಿಯದು ಮಾತ್ರ ಪವಾಡದಂತೆ ಫಲಿಸಿತು. ತಳದಲ್ಲಿ ಉಳಿದದ್ದನ್ನು ಪರೀಕ್ಷಿಸಿದರೆ ಅದರಲ್ಲಿ ಸಕ್ಕರೆಯೇ ಇಲ್ಲ! ಚೀಟಿ ತಪ್ಪಿತ್ತು, ಒಳಗಿದ್ದದ್ದು ಗ್ಲಿಸರಾಲ್ ಮತ್ತು ಮೊಟ್ಟೆಯ ಬಿಳಿ. 1949ರಲ್ಲಿ ವರದಿ ಬಂತು, 1951ರ ಹೊತ್ತಿಗೆ ಹೆಪ್ಪುಗಟ್ಟಿಸಿದ ವೀರ್ಯದಿಂದ ಕರು ಹುಟ್ಟಿತು. ನಮ್ಮ ಬೆಂಗಳೂರು ಬಳಿಯ ಹೆಸರಘಟ್ಟದ ವೀರ್ಯ ಕೇಂದ್ರದಲ್ಲಿ ಈಗ ಕಡ್ಡಿ ತುಂಬುವುದು ನಿತ್ಯದ ಕೆಲಸ.

ಆಮೇಲಿನ ಅಂಕಿಗಳು ತಲೆ ತಿರುಗಿಸುತ್ತವೆ. 2014ರಲ್ಲಿ ಸತ್ತ ಅಮೆರಿಕದ ಹೋಲ್‌ಸ್ಟೀನ್ ಹೋರಿ ಟಾಯ್‌ಸ್ಟೋರಿ ಕೊಟ್ಟದ್ದು 24 ಲಕ್ಷ ಡೋಸ್. ನಮ್ಮ ಕಾಲು ಮಿಲಿಲೀಟರಿನ ಕಡ್ಡಿಯ ಲೆಕ್ಕದಲ್ಲಿ ಅಷ್ಟಕ್ಕೂ ಬೇಕಾಗುವ ಗ್ಲಿಸರಾಲ್ 42 ಲೀಟರ್, ಡೇರಿಯ ಒಂದು ಹಾಲಿನ ಕ್ಯಾನಿಗಿಂತ ತುಸು ಹೆಚ್ಚು. 1962ರಲ್ಲಿ ಹುಟ್ಟಿದ ಚೀಫ್ ಎಂಬ ಹೋರಿಗೆ 16,000 ಹೆಣ್ಣು ಕರು, 5 ಲಕ್ಷ ಹೆಣ್ಣು ಮೊಮ್ಮಕ್ಕಳು, ಹೆಣ್ಣು ಮರಿಮಕ್ಕಳು 20 ಲಕ್ಷಕ್ಕೂ ಮಿಗಿಲು. ಆದರೆ ಚೀಫ್‌ನ ಒಂದು ಜೀನಿನಲ್ಲಿ ದೋಷವಿತ್ತು. ಗ್ಲಿಸರಾಲ್ ಅದನ್ನೂ ಅಷ್ಟೇ ಜೋಪಾನವಾಗಿ ಕಾದಿಟ್ಟಿತು. ದೋಷದ ಎರಡು ಪ್ರತಿ ಸೇರಿದ ಸುಮಾರು 5 ಲಕ್ಷ ಕರುಗಳು ಗರ್ಭದಲ್ಲೇ ಹೋದವು. ಡೇರಿ ಉದ್ಯಮಕ್ಕಾದ ನಷ್ಟದ ಅಂದಾಜು 42 ಕೋಟಿ ಡಾಲರ್.