ಇ-ಮೇಲ್‌ಗೆ ಮಾರುತ್ತರ: ಸಾದಾ ಬರಹವೋ, ಸಿಂಗಾರದ ಬರಹವೋ?



ಈ ದಿನ ನಾನು ಹೇಳಬೇಕೆಂದಿರುವುದು ಇ-ಮೇಲ್‌ಗೆ ಉತ್ತರ ಬರೆಯುವ ಬಗೆ. 'ಇದೆಲ್ಲ ಓದಿದ ಹುಡುಗರ ವಿಷಯ, ನಮಗೇಕೆ' ಎಂದು ರೇಡಿಯೋ ಆರಿಸಬೇಡಿ. ನಾನೂ ಎಸ್.ಎಸ್.ಎಲ್.ಸಿ. ಮುಗಿಸಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದವನು. ಈ ವಿಷಯ ನನಗೆ ತಿಳಿದದ್ದು ಪುಸ್ತಕದಿಂದಲ್ಲ, ನಮ್ಮ ಅಕ್ಕನ ಪಿಂಚಣಿಯಿಂದ.

ಅಕ್ಕ ಇರುವುದು ಮಸಿನಗುಡಿಯಲ್ಲಿ. ಭಾವನವರು ಕರ್ನಾಟಕದ ಕಡೆ ನೌಕರಿ ಮಾಡಿ ನಿವೃತ್ತರಾಗಿದ್ದರು. ಅವರು ತೀರಿಕೊಂಡ ಮೇಲೆ ಅಕ್ಕ ಕುಟುಂಬ ಪಿಂಚಣಿಗೆ ಅರ್ಜಿ ಹಾಕಿದರು. ಕೆಲವು ವಾರ ಕಳೆದ ಮೇಲೆ ಕಚೇರಿಯಿಂದ ಕನ್ನಡದಲ್ಲಿ ಒಂದು ಇ-ಮೇಲ್ ಬಂತು. ಅದರಲ್ಲಿ ಐದು ಪ್ರಶ್ನೆ. ಭಾವ ತೀರಿಕೊಂಡ ತಾರೀಖು ಯಾವುದು, ಬ್ಯಾಂಕ್ ಖಾತೆ ಯಾವುದು, ಬೇರೆ ಪಿಂಚಣಿ ಇದೆಯೇ, ಹೀಗೆ. ಇನ್ನೊಂದು ಪ್ರಶ್ನೆ ನಮ್ಮಂಥ ಗಡಿಯವರಿಗೆ ಮಾತ್ರ ಬರುವಂಥದು. ಅಕ್ಕನ ಹೆಸರಿನ ಮೊದಲಕ್ಷರ ಸರ್ವಿಸ್ ಪುಸ್ತಕದಲ್ಲಿ 'ಗ'. ತಮಿಳು ಲಿಪಿಯಲ್ಲಿ ಗ, ಕ ಎರಡಕ್ಕೂ ಒಂದೇ ಅಕ್ಷರವಲ್ಲವೇ? ಹಾಗಾಗಿ ಇಲ್ಲಿನ ರೇಷನ್ ಕಾರ್ಡಿನಿಂದ ಕನ್ನಡಕ್ಕೆ ಇಳಿಸುವಾಗ ಅದು 'ಕ' ಆಗಿಬಿಟ್ಟಿತ್ತು. ಯಾವುದು ಸರಿ ಎಂದು ಕಚೇರಿಯವರು ಕೇಳಿದ್ದರು.

ಉತ್ತರ ಬರೆದವನು ಅಕ್ಕನ ಮಗ. ಕೊಯಮತ್ತೂರಿನಲ್ಲಿ ಕೆಲಸದಲ್ಲಿದ್ದಾನೆ, ಬುದ್ಧಿವಂತ. ಬಂದ ಪತ್ರದೊಳಗೇ, ಪ್ರತಿ ಪ್ರಶ್ನೆಯ ಪಕ್ಕದಲ್ಲೇ, ಕೆಂಪು ಬಣ್ಣದಲ್ಲಿ ಉತ್ತರ ತುಂಬಿಸಿದ. ಮೇಲೆ 'ನಮ್ಮ ಉತ್ತರಗಳು ಕೆಂಪಕ್ಷರದಲ್ಲಿವೆ' ಎಂದು ಬರೆದು ಕಳುಹಿಸಿದ. ಅವನ ಕಂಪ್ಯೂಟರಿನಲ್ಲಿ ನೋಡಿದರೆ ಬಲು ಲಕ್ಷಣವಾಗಿತ್ತು.

ಎರಡು ತಿಂಗಳು ಸದ್ದಿಲ್ಲ. ಕೊನೆಗೆ ಅಕ್ಕನೂ ನಾನೂ ಬಸ್ಸು ಹಿಡಿದು ತೆಪ್ಪಕಾಡು, ಬಂಡೀಪುರ, ಗುಂಡ್ಲುಪೇಟೆ ದಾಟಿ ಕಚೇರಿಗೆ ಹೋದೆವು. ಅಲ್ಲಿಯ ಗುಮಾಸ್ತರು ಫೈಲು ತೆಗೆದು ನಮ್ಮ ಪತ್ರದ ಪ್ರತಿ ತೋರಿಸಿದರು. ಅಕ್ಷರವೆಲ್ಲ ಕಪ್ಪು, ಎಲ್ಲವೂ ಒಂದೇ ಅಳತೆ. 'ಬೇರೆ ಪಿಂಚಣಿ ಪಡೆಯುತ್ತಿದ್ದೀರಾ, ಇದ್ದಲ್ಲಿ ವಿವರ ಇಲ್ಲ' ಎಂದು ಒಂದು ಸಾಲು. 'ಕ ಸರಿಯೋ ಗ ಸರಿಯೋ ಗ' ಎಂದು ಇನ್ನೊಂದು ಸಾಲು. 'ನಮ್ಮ ಪತ್ರವೇ ನಮಗೆ ವಾಪಸು ಬಂದ ಹಾಗಿದೆಯಲ್ಲಮ್ಮಾ, ಉತ್ತರ ಎಲ್ಲಿದೆ?' ಎಂದರು. ಅವರ ಮೇಲೆ ಕೋಪ ಮಾಡುವಂತಿರಲಿಲ್ಲ. ಕೆಂಪು ಬಣ್ಣ ಅವರ ತನಕ ತಲುಪಿಯೇ ಇರಲಿಲ್ಲ.

ಬ್ಯಾಂಕಿನಲ್ಲಿ ಕಾರ್ಬನ್ ಹಾಳೆ ಇಟ್ಟು ಬರೆಯುತ್ತಿದ್ದ ದಿನಗಳು ನನಗೆ ನೆನಪಾದವು. ಮೇಲಿನ ಹಾಳೆಯಲ್ಲಿ ಕೆಂಪು ರೀಫಿಲ್ಲಿನಲ್ಲಿ ಬರೆದರೂ, ಹಸಿರಿನಲ್ಲಿ ಬರೆದರೂ, ಕೆಳಗಿನ ಪ್ರತಿಗೆ ಇಳಿಯುವುದು ಕಾರ್ಬನ್ನಿನ ಬಣ್ಣ ಒಂದೇ. ಇ-ಮೇಲ್‌ನಲ್ಲಿ ಸಿ.ಸಿ. ಎಂಬ ಜಾಗವಿದೆಯಲ್ಲ, ಅದು ಕಾರ್ಬನ್ ಕಾಪಿ ಎಂಬುದರ ಮೊದಲಕ್ಷರಗಳೇ. ಹೆಸರು ಉಳಿದಿದೆ, ಆ ಕಾಲದ ಪಾಠವನ್ನು ನಾವು ಮರೆತಿದ್ದೇವೆ.

ಹಾಗಾದರೆ ಈ ಎರಡು ಬಗೆಯ ಬರಹ ಎಂದರೇನು? ಸಾದಾ ಬರಹದಲ್ಲಿ ಅಕ್ಷರ, ಅಂಕಿ, ಖಾಲಿ ಜಾಗ, ಸಾಲಿನ ಕೊನೆ, ಇಷ್ಟೇ ಇರುತ್ತವೆ. ಹಿಂದಿನ ಟೆಲಿಗ್ರಾಂ ಇದ್ದ ಹಾಗೆ. ನಮ್ಮ ದೇಶದಲ್ಲಿ 2013ರ ಜುಲೈನಲ್ಲಿ ನಿಂತುಹೋದ ಆ ತಂತಿಯಲ್ಲಿ ದಪ್ಪ ಅಕ್ಷರವೂ ಇರಲಿಲ್ಲ, ಬಣ್ಣವೂ ಇರಲಿಲ್ಲ. ಆದರೂ ಸುದ್ದಿ ತಲುಪುತ್ತಿತ್ತು. ಸಿಂಗಾರದ ಬರಹದಲ್ಲಿ ಅಕ್ಷರದ ಜೊತೆಗೆ ಅದರ ಬಣ್ಣ, ಗಾತ್ರ, ಕೋಷ್ಟಕ, ಚಿತ್ರ ಇವುಗಳ ಸೂಚನೆಯೂ ಹೋಗುತ್ತದೆ. ಆ ಸೂಚನೆಯನ್ನು ಪಾಲಿಸುವುದು ಪತ್ರ ಪಡೆದವರ ಯಂತ್ರಕ್ಕೆ ಬಿಟ್ಟದ್ದು.

ಒಂದು ಯಂತ್ರದಿಂದ ಇನ್ನೊಂದಕ್ಕೆ ಜಾಲದ ಮೂಲಕ ಪತ್ರ ಕಳುಹಿಸುವುದನ್ನು ಅಮೆರಿಕದ ರೇ ಟಾಮ್ಲಿನ್‌ಸನ್ ಎಂಬವರು 1971ರಲ್ಲಿ ಮಾಡಿ ತೋರಿಸಿದರು. ವಿಳಾಸದಲ್ಲಿ ಹೆಸರಿಗೂ ಯಂತ್ರಕ್ಕೂ ನಡುವೆ 'ಅಟ್' ಗುರುತನ್ನು ಇಟ್ಟವರೂ ಅವರೇ. ಆಗ ಪತ್ರವೆಂದರೆ ಸಾದಾ ಇಂಗ್ಲಿಷ್ ಬರಹ. ಅದಕ್ಕಿದ್ದ ಅಕ್ಷರ ಪಟ್ಟಿಯಲ್ಲಿ ಒಟ್ಟು 128 ಸ್ಥಾನ ಮಾತ್ರ. ಚಿತ್ರವನ್ನೂ ಬೇರೆ ಬೇರೆ ಭಾಷೆಗಳನ್ನೂ ಪತ್ರದೊಳಗೆ ಕಟ್ಟಿ ಕಳುಹಿಸುವ ಮೈಮ್ ಎಂಬ ಪದ್ಧತಿ ಬಂದದ್ದು 1992ರಲ್ಲಿ. ಸಿಂಗಾರದ ಪತ್ರ ಬಳಕೆಗೆ ಬಂದದ್ದು ಅದರ ನಂತರ.

ಈ ಪದ್ಧತಿಯಲ್ಲಿ ಒಂದು ಗುಟ್ಟಿದೆ. ನಾವು ಸಿಂಗಾರದ ಪತ್ರ ಕಳುಹಿಸಿದಾಗ ಸಾಮಾನ್ಯವಾಗಿ ಒಂದೇ ಲಕೋಟೆಯಲ್ಲಿ ಎರಡು ಪ್ರತಿ ಹೋಗುತ್ತವೆ. ಒಂದು ಸಿಂಗಾರದ್ದು, ಇನ್ನೊಂದು ಯಂತ್ರವೇ ತಯಾರಿಸಿದ ಸಾದಾ ಪ್ರತಿ. ಯಾವುದನ್ನು ತೋರಿಸಬೇಕೆಂಬುದನ್ನು ಪಡೆದವರ ಯಂತ್ರ ತೀರ್ಮಾನಿಸುತ್ತದೆ. ಅರ್ಜಿ, ದೂರುಗಳನ್ನು ದಾಖಲು ಮಾಡಿಕೊಳ್ಳುವ ಕೆಲವು ಏರ್ಪಾಡುಗಳು ಸಾದಾ ಪ್ರತಿಯನ್ನು ಮಾತ್ರ ಇಟ್ಟುಕೊಳ್ಳುತ್ತವೆ. ಸಾದಾ ಪ್ರತಿ ಮಾಡುವಾಗ ಕೆಲವು ಯಂತ್ರಗಳು ದಪ್ಪ ಅಕ್ಷರದ ಅಕ್ಕಪಕ್ಕ ನಕ್ಷತ್ರದ ಗುರುತನ್ನಾದರೂ ಇಡುತ್ತವೆ. ಬಣ್ಣಕ್ಕೆ ಅಂಥ ಗುರುತೇನೂ ಇಲ್ಲ. ಅದು ಹೋದರೆ ಹೋಯಿತು.

ಇಲ್ಲಿ ಕೆಲವರಿಗೆ ಒಂದು ಸಂದೇಹ ಬರುತ್ತದೆ. 'ಸಾದಾ ಬರಹ ಎಂದರೆ ಇಂಗ್ಲಿಷ್ ಮಾತ್ರವೇ? ಕನ್ನಡವೂ ಅಳಿಸಿಹೋಗುವುದಿಲ್ಲವೇ?' ಈ ಸಂದೇಹಕ್ಕೆ ಕಾರಣವಿದೆ. ಒಂದು ಕಾಲದಲ್ಲಿ ಹಾಗೇ ಆಗುತ್ತಿತ್ತು.

ಬ್ಯಾಂಕಿನ ಮಾತಿನಲ್ಲೇ ಹೇಳುತ್ತೇನೆ. ಹಿಂದೆ ಖಾತೆ ಸಂಖ್ಯೆ ಆಯಾ ಶಾಖೆಯದು. ಗೂಡಲೂರಿನಲ್ಲಿ 163ನೇ ಖಾತೆ ಒಬ್ಬರದು, ಊಟಿಯಲ್ಲಿ ಅದೇ 163 ಇನ್ನೊಬ್ಬರದು. ಚಲನ್ನಿನಲ್ಲಿ ಶಾಖೆಯ ಹೆಸರು ಬರೆಯದಿದ್ದರೆ ಹಣ ಯಾರದೋ ಪಾಲಾಗುತ್ತಿತ್ತು. ಕಂಪ್ಯೂಟರಿನಲ್ಲಿ ಅಕ್ಷರವೂ ಒಂದು ಸಂಖ್ಯೆಯೇ. ಇಂಗ್ಲಿಷ್ ಪಟ್ಟಿಯನ್ನು 256 ಸ್ಥಾನಕ್ಕೆ ಬೆಳೆಸಿದಾಗ 163 ಎಂದರೆ ಪೌಂಡ್ ನಾಣ್ಯದ ಗುರುತು. ನಮ್ಮವರು ಬರಹ, ನುಡಿ ಮೊದಲಾದ ತಂತ್ರಾಂಶಗಳ ಹಳೆಯ ಕನ್ನಡ ಫಾಂಟುಗಳಲ್ಲಿ ಅದೇ ಸ್ಥಾನಕ್ಕೆ 'ನ' ಅಕ್ಷರದ ಮೈಯನ್ನು ಕೂರಿಸಿದರು. ಆ ಫಾಂಟು ಇದ್ದ ಯಂತ್ರದಲ್ಲಿ ಕನ್ನಡ ಕಾಣುತ್ತಿತ್ತು. ಫಾಂಟಿನ ಸೂಚನೆ ಕಳೆದುಹೋದರೆ 'ಕನ್ನಡ' ಎಂಬ ಪದದ ನಡುವೆ ಪೌಂಡಿನ ಗುರುತು ಬಂದು ಕೂರುತ್ತಿತ್ತು! ನಮ್ಮಂಥ ಶಾಖೆಯಲ್ಲಿ ಪೌಂಡು ಕಂಡದ್ದೇ ಅಪರೂಪ, ಕನ್ನಡ ಪತ್ರ ತೆರೆದರೆ ಪುಟದ ತುಂಬ ಪೌಂಡು. ತಮಿಳಿನಲ್ಲಿ ಬಾಮಿನಿ ಫಾಂಟು ಬಳಸಿದವರಿಗೂ ಈ ಪಾಡು ಗೊತ್ತಿದೆ. ಅಲ್ಲಿ ತಮಿಳಿನ ಬದಲು ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ. ಅಂದರೆ ಆ ಕಾಲದಲ್ಲಿ ಕನ್ನಡವೂ ತಮಿಳೂ ಕಂಪ್ಯೂಟರಿನ ಪಾಲಿಗೆ ಭಾಷೆಗಳಾಗಿರಲಿಲ್ಲ, ಇಂಗ್ಲಿಷಿಗೆ ತೊಡಿಸಿದ ವೇಷಗಳಾಗಿದ್ದವು. ಸಿಂಗಾರ ಕಳಚಿದರೆ ಭಾಷೆಯೇ ಕಳಚುತ್ತಿತ್ತು.

ಮುಂದೆ ಬ್ಯಾಂಕುಗಳಲ್ಲಿ ಎಲ್ಲ ಶಾಖೆಗೂ ಒಂದೇ ಲೆಕ್ಕದ ವ್ಯವಸ್ಥೆ ಬಂದು, ಒಂದು ಖಾತೆ ಸಂಖ್ಯೆ ಎಂದರೆ ಆ ಬ್ಯಾಂಕಿಗೆಲ್ಲ ಒಬ್ಬರದೇ ಆಯಿತು. ಅಕ್ಷರಗಳಿಗೆ ಆ ಕೆಲಸ ಮಾಡಿದ್ದು ಯೂನಿಕೋಡ್. ಅದರ ಮೊದಲ ಆವೃತ್ತಿ 1991ರಲ್ಲಿ ಬಂತು, ಕನ್ನಡ ಅದರಲ್ಲೇ ಇತ್ತು. ಅದರ ಪ್ರಕಾರ ಕನ್ನಡದ 'ಕ' 3221, ತಮಿಳಿನ 'ಕ' 2965, ಮಲಯಾಳದ 'ಕ' 3349. ಗೂಡಲೂರಿನಲ್ಲಿ ಮೂರು ಭಾಷೆಯವರು ಒಂದೇ ಅಂಗಡಿಯಲ್ಲಿ ನಿಂತಂತೆ ಮೂರೂ ಅಕ್ಷರ ಒಂದೇ ಸಾಲಿನಲ್ಲಿ ನಿಲ್ಲುತ್ತವೆ, ಯಾರ ಗುರುತೂ ಯಾರಿಗೂ ಹೋಗುವುದಿಲ್ಲ. ಈಗಿನ ಮೊಬೈಲ್ ಫೋನಿನಲ್ಲಿ ನಾವು ಬೆರಳಿನಿಂದ ಒತ್ತುವ ಕನ್ನಡ ಯೂನಿಕೋಡ್ ಕನ್ನಡವೇ. ಆದ್ದರಿಂದ ಸಾದಾ ಬರಹದಲ್ಲಿಯೂ ಕನ್ನಡ ಕನ್ನಡವಾಗಿಯೇ ತಲುಪುತ್ತದೆ. ಹಳೆಯ ಫಾಂಟಿನಲ್ಲಿ ಟೈಪು ಮಾಡಿಟ್ಟ ಕಾಗದದಿಂದ ಒಂದು ಭಾಗ ಎತ್ತಿ ಇ-ಮೇಲ್‌ಗೆ ಅಂಟಿಸುವವರು ಮಾತ್ರ ಇನ್ನೂ ಎಚ್ಚರವಾಗಿರಬೇಕು. ಮೊದಲು ಅದನ್ನು ಯೂನಿಕೋಡಿಗೆ ಬದಲಿಸಿಕೊಂಡು ನಂತರ ಅಂಟಿಸಬೇಕು.

ಇನ್ನು ನಾನು ಬ್ಯಾಂಕಿನವನಾಗಿ ಹೇಳಲೇಬೇಕಾದ ಒಂದು ಮಾತು. ಸಿಂಗಾರದ ಪತ್ರದಲ್ಲಿ ನೀಲಿ ಅಕ್ಷರದಲ್ಲಿ 'ಇಲ್ಲಿ ಒತ್ತಿ' ಎಂದಿರುತ್ತದೆ. ಮೇಲೆ ನಿಮ್ಮ ಬ್ಯಾಂಕಿನ ಮುದ್ರೆ, ಬಣ್ಣ ಎಲ್ಲವೂ ಇರುತ್ತದೆ. ಆ ನೀಲಿ ಅಕ್ಷರದ ಹಿಂದೆ ಯಾವ ವಿಳಾಸವನ್ನು ಬೇಕಾದರೂ ಕಟ್ಟಬಹುದು. ಕಾಣುವ ಹೆಸರು ಒಂದು, ಹೋಗುವ ಜಾಗ ಇನ್ನೊಂದು. ಸಾದಾ ಪತ್ರದಲ್ಲಿಯೂ ಸುಳ್ಳು ಬರೆಯಬಹುದು, ಆದರೆ ವಿಳಾಸ ಇದ್ದ ಹಾಗೇ ಕಣ್ಣಿಗೆ ಬೀಳುತ್ತದೆ, ಮುಸುಕು ಹಾಕಲಾಗದು. ಪತ್ರ ಚೆನ್ನಾಗಿದೆ ಎಂದು ನಂಬಬೇಡಿ. ಒ.ಟಿ.ಪಿ., ಪಿನ್ ಕೇಳುವ ಪತ್ರಕ್ಕೆ ಸಾದಾ ಉತ್ತರವೂ ಬೇಡ, ಸಿಂಗಾರದ ಉತ್ತರವೂ ಬೇಡ. ಹಣ ಕೈಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನು ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ.

ಹಾಗೆಂದು ಸಿಂಗಾರವೆಲ್ಲ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಮದುವೆಗೆ ಹೋಗುವಾಗ ಜರಿ ಪಂಚೆ, ಗದ್ದೆಗೆ ಹೋಗುವಾಗ ಮಾಸಲು ಬಟ್ಟೆ. ಸಂಘದ ಲೆಕ್ಕಪತ್ರ, ಬಸ್ಸಿನ ವೇಳಾಪಟ್ಟಿ, ಮಕ್ಕಳ ಅಂಕಪಟ್ಟಿ ಇಂಥವಕ್ಕೆ ಗೆರೆ ಹಾಕಿದ ಕೋಷ್ಟಕ ಬೇಕು. ಸಾದಾ ಬರಹದಲ್ಲಿ ಅವು ಅಂಕಿಗಳ ರಾಶಿಯಾಗುತ್ತವೆ. ಆಮಂತ್ರಣ ಪತ್ರಕ್ಕೆ ಬಣ್ಣ ಬೇಕು. ಇಂಥದ್ದನ್ನು ಪಿ.ಡಿ.ಎಫ್. ಮಾಡಿ ಪತ್ರದ ಜೊತೆಗೆ ಲಗತ್ತಿಸುವುದು ಒಳ್ಳೆಯದು. ಪತ್ರದಲ್ಲಿ ಮಾತ್ರ ಅದರ ಸಾರವನ್ನು ಎರಡು ಸಾಲಿನಲ್ಲಿ ಬರೆಯಿರಿ. ಲಗತ್ತು ತೆರೆಯದಿದ್ದರೂ ವಿಷಯ ತಿಳಿಯುತ್ತದೆ.

ಹಾಗಾದರೆ ಉತ್ತರ ಬರೆಯುವಾಗ ಯಾವುದನ್ನು ಆರಿಸಬೇಕು? ನಾನು ಪಾಲಿಸುವ ಕ್ರಮ ಇದು. ಬಂದ ಪತ್ರ ಸಾದಾ ಆಗಿದ್ದರೆ ಉತ್ತರವೂ ಸಾದಾ. ಅವರು ಹಾಗೇ ಬರೆದಿರುವುದಕ್ಕೆ ಕಾರಣವಿರಬಹುದು. ಅವರ ಯಂತ್ರ ಹಳೆಯದಿರಬಹುದು, ಕಾಡಿನಂಚಿನಲ್ಲಿ ಸಿಗ್ನಲ್ ಕಡಿಮೆ ಇರಬಹುದು, ಕಣ್ಣು ಕಾಣದವರು ಯಂತ್ರದಿಂದ ಓದಿಸಿ ಕೇಳುತ್ತಿರಬಹುದು. ಬಂದ ಪತ್ರ ಸಿಂಗಾರದ್ದಾಗಿದ್ದು, ಅವರು ಪರಿಚಯದವರಾಗಿದ್ದರೆ ಅದೇ ರೀತಿ ಉತ್ತರಿಸಲು ಅಡ್ಡಿಯಿಲ್ಲ. ಕಚೇರಿಗೆ, ಬ್ಯಾಂಕಿಗೆ, ಗುರುತಿಲ್ಲದವರಿಗೆ ಬರೆಯುವಾಗ ಸಾದಾ ಬರಹವೇ ಕ್ಷೇಮ.

ಎರಡರಲ್ಲಿ ಯಾವುದಾದರೂ ಸರಿಯೇ, ಅರ್ಥ ಅಕ್ಷರದಲ್ಲಿರಬೇಕು, ಬಣ್ಣದಲ್ಲಿ ಇರಕೂಡದು. 'ಕೆಂಪಿನಲ್ಲಿರುವುದು ನನ್ನ ಉತ್ತರ' ಎನ್ನುವ ಬದಲು 'ಪ್ರಶ್ನೆ 1, ಉತ್ತರ' ಎಂದು ಬರೆಯಿರಿ. ಪ್ರಶ್ನೆ ಒಂದು ಸಾಲು, ಉತ್ತರ ಬೇರೆ ಸಾಲು, ನಡುವೆ ಒಂದು ಖಾಲಿ ಸಾಲು. 'ಇಲ್ಲ' ಎಂದಷ್ಟೇ ಬರೆಯದೆ 'ಬೇರೆ ಪಿಂಚಣಿ ಪಡೆಯುತ್ತಿಲ್ಲ' ಎಂದು ಪೂರ್ತಿ ವಾಕ್ಯ ಬರೆಯಿರಿ. ಕಳುಹಿಸುವ ಮೊದಲು 'ಇದನ್ನು ಕಪ್ಪು ಬಿಳುಪಿನಲ್ಲಿ ಅಚ್ಚು ಹಾಕಿದರೆ ಅರ್ಥವಾದೀತೇ' ಎಂದು ಒಮ್ಮೆ ಕೇಳಿಕೊಳ್ಳಿ.

ಇದನ್ನು ಮಾಡುವುದು ಕಷ್ಟವಲ್ಲ. ಕಂಪ್ಯೂಟರಿನಲ್ಲಿ ಜಿಮೇಲ್ ಬಳಸುವವರು ಪತ್ರ ಬರೆಯುವ ಚೌಕದ ಕೆಳಗೆ ಮೂರು ಚುಕ್ಕೆಯ ಗುರುತು ಒತ್ತಿದರೆ 'ಪ್ಲೇನ್ ಟೆಕ್ಸ್ಟ್ ಮೋಡ್' ಎಂದಿರುತ್ತದೆ. ಅದನ್ನು ಆರಿಸಿದರೆ ಸಾಕು. ಔಟ್‌ಲುಕ್ ಬಳಸುವ ಕಚೇರಿಗಳಲ್ಲಿ ಪತ್ರ ಯಾವ ಬಗೆಯಲ್ಲಿ ಬಂತೋ ಉತ್ತರವೂ ಸಾಮಾನ್ಯವಾಗಿ ಅದೇ ಬಗೆಯಲ್ಲಿ ತೆರೆಯುತ್ತದೆ. ಮೊಬೈಲಿನಲ್ಲಿ ಬರೆಯುವವರು ಬಣ್ಣ, ದಪ್ಪ ಅಕ್ಷರಗಳ ಗೋಜಿಗೆ ಹೋಗದಿದ್ದರೆ ಅದೇ ದೊಡ್ಡ ಉಪಕಾರ.

ಅಕ್ಕನ ವಿಷಯ ಏನಾಯಿತು ಎಂದು ಕೇಳುತ್ತೀರಿ. ಆ ದಿನ ಕಚೇರಿಯಿಂದಲೇ ಅಳಿಯನಿಗೆ ಫೋನು ಮಾಡಿದೆ. 'ಮಾವ, ಎಲ್ಲಕ್ಕೂ ಉತ್ತರ ಕೊಟ್ಟಿದ್ದೇನಲ್ಲ!' ಎಂದ. 'ಕೊಟ್ಟಿದ್ದೀಯಪ್ಪ, ಅದು ಇಲ್ಲಿಗೆ ಬಂದಿಲ್ಲ. ಬಣ್ಣ ಬಿಟ್ಟು ಮತ್ತೊಮ್ಮೆ ಬರಿ' ಎಂದೆ. ಸಂಜೆಯೊಳಗೆ ಐದು ಪ್ರಶ್ನೆ, ಐದು ಉತ್ತರ, ಎಲ್ಲ ಸಾದಾ ಬರಹದಲ್ಲಿ ಕಳುಹಿಸಿದ. ಹೆಸರಿನ ವಿಷಯಕ್ಕೆ 'ಮೊದಲಕ್ಷರ ಗ ಎಂಬುದೇ ಸರಿ, ತಮಿಳು ಕಾರ್ಡಿನಿಂದ ಇಳಿಸುವಾಗ ಕ ಆಗಿದೆ' ಎಂದು ಬಿಡಿಸಿ ಬರೆದಿದ್ದ. ಮುಂದಿನ ತಿಂಗಳೇ ಪಿಂಚಣಿ ಮಂಜೂರಾಗಿ, ಹಿಂದಿನ ಬಾಕಿಯೂ ಸೇರಿ ಅಕ್ಕನ ಖಾತೆಗೆ ಬಂತು. ಪಾಸ್ ಪುಸ್ತಕ ಹಿಡಿದು ಅಕ್ಕ ಹೇಳಿದ್ದು ಇಷ್ಟೇ: 'ಎರಡು ತಿಂಗಳ ಅನ್ನ ಆ ಕೆಂಪು ಬಣ್ಣ ತಿಂದಿತಲ್ಲೋ.'

ನಿಮ್ಮ ಮನೆಯಲ್ಲಿ ಇ-ಮೇಲ್ ಬರೆಯುವ ಮಕ್ಕಳಿಗೆ ಈ ಮಾತು ತಿಳಿಸಿ.