ಜರ್ಮನ್ ಹುಡುಗರ ಹುಬ್ಬಳ್ಳಿ ಕ್ರಿಸ್‌ಮಸ್

ಧಾರವಾಡದಲ್ಲಿ ಬಾಸೆಲ್ ಮಿಶನ್ ಎಂದರೆ ಶಾಲೆ, ಬೆಟಗೇರಿಯಲ್ಲಿ ದವಾಖಾನೆ. ಆ ದವಾಖಾನೆಗೆ ಜನ ಈಗಲೂ ಜರ್ಮನ್ ಆಸ್ಪತ್ರೆ ಎಂದೇ ಅನ್ನುತ್ತಾರೆ. ಕಟ್ಟಡಗಳಿಗೆ ಹೆಸರು ಅಂಟಿಕೊಂಡಿತು. ಆದರೆ ಈ ಕ್ರೈಸ್ತ ಮಿಶನ್ನಿನ ಕೆಲಸಕ್ಕೆ ಮೊದಲು ಬಂದವರಲ್ಲಿ ಹೆಚ್ಚಿನವರು ಮದುವೆಯೂ ಆಗದ, ಇನ್ನೂ ಮೂವತ್ತು ತುಂಬದ ಹುಡುಗರು ಎಂಬುದು ಮರೆತೇ ಹೋಗಿದೆ. ಡಿಸೆಂಬರ್ ಬಂತೆಂದರೆ ಅವರ ವಿಷಯ ಹೇಳಬೇಕೆನಿಸುತ್ತದೆ. ಮನೆಯಿಂದ ಸಾವಿರಾರು ಮೈಲಿ ದೂರದಲ್ಲಿ, ಹುಬ್ಬಳ್ಳಿ ಧಾರವಾಡದ ಎರೆಮಣ್ಣಿನ ಸೀಮೆಯಲ್ಲಿ ಅವರು ಹಬ್ಬವನ್ನು ಹೇಗೆ ಕಳೆದಿದ್ದಾರು?

ಬಾಸೆಲ್ ಸ್ವಿಟ್ಜರ್ಲೆಂಡಿನ ಒಂದು ಪಟ್ಟಣ. ಅಲ್ಲಿ 1815ರಲ್ಲಿ ಹುಟ್ಟಿದ ಮಿಶನ್ನಿಗೆ ಹುಡುಗರು ಬರುತ್ತಿದ್ದುದು ಹೆಚ್ಚಾಗಿ ನೆರೆಯ ಜರ್ಮನಿಯ ವುರ್ಟೆಂಬರ್ಗ್ ಸೀಮೆಯಿಂದ. ಹಲವರು ಒಕ್ಕಲುತನದವರ, ಕಸಬುದಾರರ ಮಕ್ಕಳು. ಬ್ರಿಟಿಷರಲ್ಲದ ಪಾದ್ರಿಗಳಿಗೂ ಕಂಪನಿ ಸರಕಾರ ಬಾಗಿಲು ತೆರೆದದ್ದು 1833ರ ಕಾಯ್ದೆಯಿಂದ. ಮರುವರ್ಷವೇ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ಹೀಗೆ ಮಿಶನ್ ಠಾಣೆಗಳು ಬೆಳೆದವು. ನಮ್ಮ ಹಿರೇಬೆಂಡಿಗೇರಿ, ಶಿಗ್ಗಾವಿ, ಬಂಕಾಪುರದ ಹಳ್ಳಿಗಳೆಲ್ಲ ಆಗ ಧಾರವಾಡ ಜಿಲ್ಲೆಯೊಳಗೇ ಇದ್ದವು.

ಹೊಸದಾಗಿ ಬಂದವನ ದಿನ ಪ್ರಾರ್ಥನೆಯಿಂದ ಶುರುವಾಗಿ, ಭಾಷೆ ಕಲಿಸುವ ಮುನ್ಶಿಯ ಮುಂದೆ ಬಂದು ನಿಲ್ಲುತ್ತಿತ್ತು. ಅಕ್ಷರ ತಿದ್ದುವುದು, ಓದುವುದು, ಓದಿದ್ದನ್ನು ಒಪ್ಪಿಸುವುದು. 'ಲ'ಕ್ಕೂ 'ಳ'ಕ್ಕೂ ನಾಲಗೆ ಹೊರಳಿಸಬೇಕು, ತ-ಥ ದ-ಧಗಳನ್ನು ಕಿವಿಯಲ್ಲೇ ಬೇರ್ಪಡಿಸಬೇಕು. ಇಷ್ಟೆಲ್ಲ ಕಲಿತು ಪೇಟೆಗೆ ಹೋದರೆ, ಜೋಳ ಮಾರಲು ಕೂತ ಹೆಂಗಸಿನ ಒಂದು ಮಾತೂ ತಿಳಿಯದು. ಪುಸ್ತಕದ ಕನ್ನಡ ಬೇರೆ, ಹುಬ್ಬಳ್ಳಿ ಪೇಟೆಯ ಕನ್ನಡ ಬೇರೆ. ಅವರ ಕೆಲಸವೆಲ್ಲ ಆ ಎರಡನೆಯ ಕನ್ನಡದಲ್ಲೇ ನಡೆಯಬೇಕಿತ್ತು. ಶಾಲೆ ನೋಡಿಕೊಳ್ಳುವುದು, ಪೇಟೆಯಲ್ಲಿ ನಿಂತು ಉಪದೇಶ ಹೇಳುವುದು, ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು, ರಾತ್ರಿ ಬಾಸೆಲ್ಲಿನ ಕಮಿಟಿಗೆ ವರದಿ ಬರೆಯುವುದು. ಮದುವೆಗೂ ಆ ಕಮಿಟಿಯ ಅಪ್ಪಣೆ ಬೇಕಿತ್ತು. ಅಪ್ಪಣೆ ಸಿಕ್ಕ ಮೇಲೆ, ಎಷ್ಟೋ ಸಲ ಮೊದಲು ಮುಖವನ್ನೂ ನೋಡಿರದ ಹೆಣ್ಣು ಯುರೋಪಿನಿಂದ ಹಡಗು ಹತ್ತಿ ಬರುತ್ತಿದ್ದಳು.

ಇನ್ನು ಹಬ್ಬ. ಹಿಮ ಬೀಳುವ ಊರಿನಲ್ಲಿ ಹುಟ್ಟಿದವರಿಗೆ ಇಲ್ಲಿನ ಡಿಸೆಂಬರ್ ಎಂದರೆ ಬೆಳಗಿನ ಚಳಿ, ಮಧ್ಯಾಹ್ನದ ಬಿಸಿಲು, ಹೊಲದಲ್ಲಿ ತೆನೆ ಬಿಟ್ಟ ಬಿಳಿಜೋಳ. ಆಫ್ರಿಕಾ ಸುತ್ತಿ ಬರುವ ಹಡಗಿನ ಟಪಾಲಿಗೆ ತಿಂಗಳುಗಟ್ಟಲೆ ಬೇಕು. ಮನೆಯವರು ಕ್ರಿಸ್‌ಮಸ್ಸಿಗೆಂದು ಬರೆದ ಕಾಗದ ಯುಗಾದಿಗೆ ಕೈಸೇರಿದರೂ ಅಚ್ಚರಿಯಿಲ್ಲ. ಆ ಹುಡುಗರು ಬೆಳೆದ, ಪೈಟಿಸ್ಟ್ ಎಂಬ ಭಕ್ತಿಪಂಥದ ಮನೆತನಗಳಲ್ಲಿ ಒಂದು ರೂಢಿಯಿತ್ತು. ಹೆರ್ನ್‌ಹೂಟ್ ಎಂಬ ಊರಿನ ಭಕ್ತಮಂಡಳಿ ವರ್ಷದ ಒಂದೊಂದು ದಿನಕ್ಕೂ ಚೀಟಿ ಎತ್ತಿ ಒಂದೊಂದು ಬೈಬಲ್ ವಾಕ್ಯ ಗೊತ್ತುಮಾಡಿ, ಪುಸ್ತಕವಾಗಿ ಅಚ್ಚು ಹಾಕಿಸುತ್ತಿತ್ತು. ಅದು ಶುರುವಾದದ್ದು 1731ರಲ್ಲಿ, ಇಂದಿಗೂ ನಿಂತಿಲ್ಲ. ಆ ಪುಸ್ತಕ ಜೊತೆಗಿದ್ದವನು ಇಲ್ಲಿ ಓದುವ ವಾಕ್ಯವನ್ನೇ ಅದೇ ದಿನ ಅವನ ತಾಯಿಯೂ ಅಲ್ಲಿ ಓದುವಳು. ಟಪಾಲು ತಡವಾದರೇನು, ಹಬ್ಬದ ದಿನ ತಾಯಿ ಮಗನಿಗೆ ಅಷ್ಟಾದರೂ ಜೊತೆಯಿತ್ತು.

ಚಳಿಗಾಲವೇ ಅವರ ತಿರುಗಾಟದ ಕಾಲವೂ ಹೌದು. ಮಳೆ ನಿಂತು ಎರೆ ದಾರಿಗಳು ಒಣಗಿದರೆ ಹಳ್ಳಿ ಹಳ್ಳಿ ಸುತ್ತಲು ಹೊರಡುತ್ತಿದ್ದರು. ಕಿರುಪುಸ್ತಕದ ಗಂಟಿನೊಂದಿಗೆ ಜಾತ್ರೆಗಳಿಗೂ ಹೋಗುತ್ತಿದ್ದರು. ನಮ್ಮ ಜನಕ್ಕೆ ಹಬ್ಬ ಎಂದರೆ ದುಡಿಮೆಗೆ ರಜೆ, ಅವರಿಗೆ ನಮ್ಮ ಹಬ್ಬದ ದಿನವೇ ಮೈ ಮುರಿಯುವ ಕೆಲಸ. ಕ್ರಿಸ್‌ಮಸ್ಸಿನ ಆಸುಪಾಸಿಗೇ ಎಳ್ಳ ಅಮವಾಸ್ಯೆ ಬರುತ್ತದೆ. ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಬಂದವರನ್ನೆಲ್ಲ ಕರೆದು ಕೂರಿಸಿ ಉಣಬಡಿಸುವ ಹಬ್ಬ ಅದು. ನಮ್ಮ ಹೊಲಗಳ ಊಟಕ್ಕೆ ಪರವೂರವನು, ಪರಮತದವನು ಎಂಬ ತಡೆಯಿಲ್ಲ.

ಅವರು ಬಂದದ್ದು ಮತಾಂತರಕ್ಕೆ. ಅದನ್ನು ಮರೆಮಾಚುವ ಅಗತ್ಯವಿಲ್ಲ. ಆ ಲೆಕ್ಕದಲ್ಲಿ ನೋಡಿದರೆ ಈ ಸೀಮೆಯಲ್ಲಿ ಅವರಿಗೆ ದಕ್ಕಿದ್ದು ಸ್ವಲ್ಪ. ಗದಗಿನ ಹತ್ತಿರ ಮಲಸಮುದ್ರದಲ್ಲಿ ಹೊಲ ಹಿಡಿದು ಕ್ರೈಸ್ತರದೇ ಒಂದು ಊರು ಕಟ್ಟಲು ಹೋದ ಹಂಚಿಕೆಯೂ ಫಲಿಸಲಿಲ್ಲ. ಆದರೆ ಮುನ್ಶಿಯ ಮುಂದೆ ಕಲಿತ ಕನ್ನಡ ಅವರನ್ನು ಬೇರೆ ಕಡೆಗೇ ಕರೆದೊಯ್ದಿತು. 1836ರಲ್ಲಿ 25ರ ಹರೆಯದಲ್ಲಿ ಬಂದ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರತಂದ. ಕನ್ನಡದ ಮೊದಲ ಪತ್ರಿಕೆ ಅದು. ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ಅಚ್ಚು ಹಾಕಿಸಿದವನೂ ಅವನೇ. ತನ್ನ ಮತದ್ದಲ್ಲದ ಗ್ರಂಥಗಳಿಗೆ ಪಾದ್ರಿಯೊಬ್ಬ ಇಷ್ಟು ದುಡಿದದ್ದು ದೊಡ್ಡ ಮಾತು. ಇನ್ನು ಫರ್ಡಿನಂಡ್ ಕಿಟ್ಟೆಲ್. 1853ರಲ್ಲಿ ಭಾರತಕ್ಕೆ ಬಂದಾಗ ಅವನಿಗೆ 21 ವರ್ಷ, ಮೊದಲು ಕನ್ನಡಕ್ಕೆ ಕೂತದ್ದು ಧಾರವಾಡದಲ್ಲಿ. ಸುಮಾರು 70,000 ಪದಗಳ ಅವನ ನಿಘಂಟು 1894ರಲ್ಲಿ ಅಚ್ಚಾದದ್ದು ಎಲ್ಲರಿಗೂ ಗೊತ್ತು. ಅದಕ್ಕೂ ಬಹಳ ಮೊದಲು, 1862ರಲ್ಲಿ, ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿಗೆ ಅಳವಡಿಸಿ 'ಕಥಾಮಾಲೆ' ಬರೆದದ್ದು ಗೊತ್ತಿರುವವರು ಕಡಿಮೆ. ಕ್ರಿಸ್ತ ಹುಟ್ಟಿದ ಕಥೆ ಕನ್ನಡದ ಲಯದಲ್ಲಿ ನಡೆಯಲಿ ಎಂದು ಹಂಬಲಿಸಿದವನಿಗೆ ಈ ನೆಲ ಪರದೇಶವಾಗಿ ಉಳಿದಿರಲಾರದು ಎಂದು ನಾನು ನಂಬುತ್ತೇನೆ. ಮುಂದೆ, ಮೊದಲ ಮಹಾಯುದ್ಧದಲ್ಲಿ ಜರ್ಮನರು ಶತ್ರುಗಳೆನಿಸಿದ್ದರಿಂದ ಬ್ರಿಟಿಷ್ ಸರಕಾರ ಈ ಮಿಶನ್ನಿನ ಜರ್ಮನರನ್ನು ಬಂಧನದಲ್ಲಿಟ್ಟು, ಆಮೇಲೆ ಊರಿಗೆ ಕಳಿಸಿತು.

ಮಿಶನರಿ ಹುಡುಗರ ಕಾಲ ಅಷ್ಟಕ್ಕೇ ಮುಗಿಯಲಿಲ್ಲ. ಬೆಂಗಳೂರಿನಲ್ಲಿ 1993ರಿಂದ ಅಮೆರಿಕ ಮೂಲದ ಮಾರ್ಮನ್ ಪಂಥದ ಮಿಶನ್ ಇದೆ. ಆ ಪಂಥದ ಮಿಶನರಿ ಹುಡುಗರದು ಹೆಚ್ಚಾಗಿ ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಹೆಸರುಪಟ್ಟಿ. ಎಲ್ಲಿಗೆ ಹೋದರೂ ಇಬ್ಬಿಬ್ಬರೇ. ಇಂಥವರು ಜಗತ್ತಿನಾದ್ಯಂತ 70,000ಕ್ಕೂ ಹೆಚ್ಚು. ಹುಡುಗರಿಗೆ ಎರಡು ವರ್ಷದ ಸೇವೆ, ಹುಡುಗಿಯರಿಗೆ ಒಂದೂವರೆ ವರ್ಷ. ಸಂಬಳವಿಲ್ಲ, ಖರ್ಚಿಗೆ ತಾವೋ ಮನೆಯವರೋ ಹೊಂದಿಸಬೇಕು. ಎಲ್ಲಿಗೆ ಕಳಿಸಿದರೆ ಅಲ್ಲಿಗೆ ಹೋಗಬೇಕು. ವಾರಕ್ಕೊಂದು ದಿನ ಬಟ್ಟೆ ಒಗೆಯಲು, ಸಂತೆ ಮಾಡಲು ಬಿಡುವು. 2019ರ ಫೆಬ್ರುವರಿಯವರೆಗೆ ಅವರಿಗೆ ಮನೆಯವರೊಡನೆ ಮಾತಾಡಲು ಅನುಮತಿ ಇದ್ದದ್ದು ವರ್ಷಕ್ಕೆ ಎರಡೇ ಸಲ, ಕ್ರಿಸ್‌ಮಸ್ಸಿಗೊಮ್ಮೆ, ತಾಯಂದಿರ ದಿನಕ್ಕೊಮ್ಮೆ. ಈಗ ವಾರಕ್ಕೊಮ್ಮೆ ಮಾತಾಡಬಹುದು. ಹತ್ತೊಂಬತ್ತರ ಹುಡುಗ ತಿಂಗಳುಗಟ್ಟಲೆ ಕಾದು ಹಬ್ಬದ ದಿನ ಅಮ್ಮನ ದನಿ ಕೇಳುತ್ತಿದ್ದ ಗಳಿಗೆಯನ್ನು ನೆನೆದರೆ, ಅವನ ಮತ ಯಾವುದಾದರೇನು, ಕರುಳು ಚುರುಕ್ ಅನ್ನುತ್ತದೆ. ಆದರೂ ಒಂದು ಮಾತು ಹೇಳಲೇಬೇಕು. ಎರಡು ವರ್ಷದಲ್ಲಿ ಒಂದು ಸೀಮೆಯ ಮಾತು ಮೈಗೂಡುವುದಿಲ್ಲ. ಮೋಗ್ಲಿಂಗ್ 1860ರವರೆಗೆ ಇಲ್ಲಿದ್ದ. ಕಿಟ್ಟೆಲ್ ಕನ್ನಡಕ್ಕೆ ಕೊಟ್ಟದ್ದು ನಾಲ್ಕು ದಶಕ. ಅವರ ಕೆಲಸಕ್ಕೆ ಅಷ್ಟು ತೂಕ ಬಂದದ್ದು ಅದರಿಂದಲೇ.

ಧಾರವಾಡ, ಹುಬ್ಬಳ್ಳಿ, ಬೆಟಗೇರಿಯಿಂದ ಆ ಹುಡುಗರು ಬರೆದ ಕಾಗದ, ವರದಿಗಳು ಇಂದು ಬಾಸೆಲ್ಲಿನಲ್ಲಿ 'ಮಿಶನ್ 21' ಸಂಸ್ಥೆಯ ದಫ್ತರದಲ್ಲಿವೆ. ಹಳೆಯ ಫೋಟೊಗಳನ್ನು ಮನೆಯಲ್ಲೇ ಕೂತು ಇಂಟರ್‌ನೆಟ್ಟಿನಲ್ಲಿ ನೋಡಬಹುದು. ಕಾಗದಗಳದ್ದು ಮಾತ್ರ ಬೇರೆ ಮಾತು. ಅವು ಹಳೆಯ ಜರ್ಮನ್ ಕೈಬರಹದಲ್ಲಿವೆ, ಇಂದಿನ ಜರ್ಮನರಿಗೇ ಅದನ್ನು ಓದುವುದು ಕಷ್ಟ. ನಮ್ಮ ಅಜ್ಜ ಮುತ್ತಜ್ಜಂದಿರ ಪೇಟೆ, ಬರಗಾಲ, ಜಾತ್ರೆಗಳನ್ನು ಕಣ್ಣಾರೆ ಕಂಡವರು ಬರೆದ ಬರಹ ಅದು. ಹಾವೇರಿ, ಧಾರವಾಡ, ಗದಗ ಜಿಲ್ಲೆಗಳ ಹುಡುಗ ಹುಡುಗಿಯರು ನಾಲ್ಕಾರು ಜನರಾದರೂ ಜರ್ಮನ್ ಕಲಿತು, ಆ ಕೈಬರಹಕ್ಕೆ ಪಳಗಿ, ಅದನ್ನು ಕನ್ನಡಕ್ಕೆ ತರಬೇಕು. ನಮ್ಮ ವಿಶ್ವವಿದ್ಯಾಲಯಗಳು ಅದಕ್ಕೊಂದು ಶಿಷ್ಯವೇತನ ಇಡಲಿ.